ಸೆಕೆಯೂ ಝಳವೂ

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಸಂಗತಿ ನಮ್ಮ ಮನೆಯ ಮಕ್ಕಳಿಗೂ ಗೊತ್ತು. ಅದೇ ದಿನ ಬೀದರ ಜಿಲ್ಲೆಯ ಉದಗೀರ, ನಿಲಂಗಾ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಇಂದು ಅವು ಮಹಾರಾಷ್ಟ್ರದ ಲಾತೂರು ಜಿಲ್ಲೆಯಲ್ಲಿವೆ. ನೆರೆಯ ಉಮರ್ಗಾ ಧಾರಾಶಿವ ಜಿಲ್ಲೆಯಲ್ಲಿದೆ. ಮನೆಯೊಳಗೆ ಕನ್ನಡ, ಪೇಟೆಯಲ್ಲಿ ಮರಾಠಿ ಆಡುವ ಕುಟುಂಬಗಳು ಅಲ್ಲಿ ಈಗಲೂ ಇವೆ. ಅವರ ನಮ್ಮ ಸ್ಥಿತಿ ಹೆಚ್ಚುಕಡಿಮೆ ಒಂದೇ; ಬೇಸಗೆ ಮಾತ್ರ ಬೇರೆ.

ನಮ್ಮದು ಸೆಕೆ, ಅವರದು ಝಳ. ಇದು ಬರಿಯ ಶಬ್ದಭೇದವಲ್ಲ. ನಮ್ಮ ದೇಹದೊಳಗಿನ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಲ್ಲಬೇಕು. ಸೆಕೆಯಾದೊಡನೆ ಚರ್ಮದ ರಕ್ತನಾಳಗಳು ಹಿಗ್ಗಿ ಒಳಗಿನ ಶಾಖವನ್ನು ಹೊರಕ್ಕೆ ತರುತ್ತವೆ. ಆದರೆ ಹೊರಗಿನ ಗಾಳಿಯೇ 40 ಡಿಗ್ರಿ ದಾಟಿದಾಗ ಶಾಖ ಹೊರಗಿನಿಂದ ಒಳಕ್ಕೆ ಬರತೊಡಗುತ್ತದೆ. ಆಗ ಉಳಿಯುವ ಉಪಾಯ ಬೆವರೊಂದೇ. ಒಂದು ಲೀಟರು ಬೆವರು ಆವಿಯಾದರೆ ಸುಮಾರು 580 ಕಿಲೊಕ್ಯಾಲರಿ ಶಾಖವನ್ನು ಒಯ್ಯುತ್ತದೆ. ಗಮನಿಸಬೇಕಾದುದು, ಅದು ಆವಿಯಾಗಬೇಕು. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ಪ್ರಯೋಜನವಿಲ್ಲ.

ಉಷ್ಣತಾಮಾಪಕದ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿಯಾಡಿಸಿದರೆ ಈ ಮರ್ಮ ತಿಳಿಯುತ್ತದೆ. ನಮ್ಮ ಶಾಲೆಗಳಲ್ಲೂ ಮಾಡಬಹುದಾದ ಪ್ರಯೋಗ. ಉದಗೀರದ ಕಡೆಯ 42 ಡಿಗ್ರಿ ಬಿಸಿಲಿನಲ್ಲಿ ಗಾಳಿಯ ತೇವಾಂಶ ಶೇಕಡಾ 20 ಇದ್ದರೆ ಒದ್ದೆ ಬಟ್ಟೆಯ ಮಾಪಕ ಸುಮಾರು 24 ತೋರಿಸುತ್ತದೆ. ನಮ್ಮ ಕರಾವಳಿಯ 34 ಡಿಗ್ರಿಗೆ ಶೇಕಡಾ 70 ತೇವಾಂಶ ಸೇರಿದರೆ ಅದು ಸುಮಾರು 29. ಅಲ್ಲಿ ಮಡಕೆಯ ನೀರು ಕೊರೆಯುವಷ್ಟು ತಣ್ಣಗಾಗುವುದೂ ಇದೇ ಕಾರಣದಿಂದ. ಈ ಮಾಪಕ 35 ಮುಟ್ಟಿದರೆ ಮನುಷ್ಯ ಬದುಕಲಾರನೆಂದು 2010ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದ್ದರು. ಆರೋಗ್ಯವಂತ ಯುವಕರ ಮೇಲೆ ನಡೆದ ಪರೀಕ್ಷೆಯಲ್ಲಿ 31ರ ಸುಮಾರಿಗೇ ದೇಹ ಸೋಲತೊಡಗುವುದು 2022ರಲ್ಲಿ ಕಂಡುಬಂತು. 2023ರ ಏಪ್ರಿಲ್ 16ರಂದು ಮುಂಬಯಿ ಪಕ್ಕದ ಖಾರ್ಘರ್‌ನಲ್ಲಿ ಬಯಲಿನಲ್ಲಿ ನಡೆದ ಸರಕಾರಿ ಸಮಾರಂಭದ ಬಿಸಿಲಿಗೆ 14 ಮಂದಿ ಸತ್ತಾಗ ಅಲ್ಲಿದ್ದುದು 38 ಡಿಗ್ರಿ ಮಾತ್ರ.

ಹಾಗೆಂದು ಮರಾಠವಾಡದವರು ಸುಖಿಗಳೇ? ಅಲ್ಲ. ಝಳದಲ್ಲಿ ಬೆವರು ಕಣ್ಣಿಗೆ ಬೀಳುವ ಮೊದಲೇ ಆರಿಹೋಗುತ್ತದೆ. ಹೊಲದಲ್ಲಿ ದುಡಿಯುವವನ ಮೈಯಿಂದ ತಾಸಿಗೆ ಒಂದು ಲೀಟರು ನೀರು ಹೋದರೂ ಅವನ ಅಂಗಿ ಒಣಗಿಯೇ ಇರುತ್ತದೆ. ಆದುದರಿಂದ ಅಲ್ಲಿ ಬದುಕುವ ಪ್ರಶ್ನೆ ನೀರಿನ ಪ್ರಶ್ನೆ. 2016ರ ಏಪ್ರಿಲ್‌ನಲ್ಲಿ ಮಿರಜಿನಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಸಾಗಿಸಬೇಕಾಯಿತು. ಮೊದಲ ರೈಲಿನಲ್ಲಿ ಬಂದುದು 5 ಲಕ್ಷ ಲೀಟರು. ಮಜ್ಜಿಗೆ, ಉಪ್ಪು, ತಲೆಗೆ ರುಮಾಲು ಎಲ್ಲವೂ ಸರಿ, ಆದರೆ ಕೊಡ ತುಂಬಿರಬೇಕಲ್ಲ!

ದೇಹ ಬಿಸಿಲಿಗೆ ಒಗ್ಗುತ್ತದೆ. ಅದಕ್ಕೆ ಒಂದೆರಡು ವಾರ ಬೇಕು. ಆಮೇಲೆ ಬೆವರು ಬೇಗ ಸುರಿಯುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ. ಗಲ್ಫಿಗೆ ಹೊಸದಾಗಿ ಹೊರಟ ನಮ್ಮ ಹುಡುಗರು ಮೊದಲ ದಿನಗಳಲ್ಲೇ ಮೈಮುರಿದು ದುಡಿಯಬಾರದು. ಬಿಸಿಲಿನಲ್ಲಿದ್ದವರು ಅಸಂಬದ್ಧ ಮಾತಾಡತೊಡಗಿದರೆ, ತಪ್ಪು ಹೆಜ್ಜೆಯಿಟ್ಟರೆ, ಒಳಗಿನ ಉಷ್ಣತೆ 40 ದಾಟಿರಬಹುದು. ಕೂಡಲೇ ನೆರಳಿಗೆ ತಂದು, ಮೈಮೇಲೆ ನೀರು ಸುರಿದು, ಬೀಸಿ, ಆಸ್ಪತ್ರೆಗೆ ಒಯ್ಯಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು. ಜ್ವರದ ಗುಳಿಗೆ ಇದಕ್ಕೆ ನಾಟುವುದಿಲ್ಲ, ಏಕೆಂದರೆ ಇದು ಜ್ವರವೇ ಅಲ್ಲ.

ಇನ್ನು ಮನೆಯ ಮಾತು. ಆ ಸೀಮೆಯ ಹಳೆಯ ಮನೆಗಳದು ಕಲ್ಲು ಮಣ್ಣಿನ ದಪ್ಪ ಗೋಡೆ, ಮರದ ತೊಲೆಗಳ ಮೇಲೆ ದಪ್ಪ ಮಣ್ಣಿನ ಮಾಳಿಗೆ. ಮಧ್ಯಾಹ್ನವೂ ಒಳಗೆ ತಂಪು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯ ಭೂಕಂಪವಾದಾಗ ಅದೇ ಗೋಡೆ, ಅದೇ ಮಾಳಿಗೆ ಮಲಗಿದ್ದವರ ಮೇಲೆ ಕುಸಿದವು. ಲಾತೂರು, ಉಮರ್ಗಾ ಸೀಮೆಯಲ್ಲಿ ಸಾವಿರಾರು ಜನ ಸತ್ತರು. ಬದುಕಿದವರು ಮಣ್ಣಿನ ಮಾಳಿಗೆಗೆ ಹೆದರಿ ಕಾಂಕ್ರೀಟು, ತಗಡುಗಳ ಕೆಳಗೆ ಬಂದರು. ಅವರನ್ನು ತಪ್ಪೆನ್ನುವವರಾರು? ತೆಳುವಾದ ಕಾಂಕ್ರೀಟು ಹಗಲಿಡೀ ಕುಡಿದ ಬಿಸಿಲನ್ನು ಇರುಳು ಒಳಗೆ ಬಿಡುತ್ತದೆ. ಮುದುಕರಿಗೂ ಕೂಸುಗಳಿಗೂ ದಣಿದ ದೇಹವನ್ನು ಆರಿಸಿಕೊಳ್ಳುವ ಹೊತ್ತೇ ಸಿಗುವುದಿಲ್ಲ. ಒಣ ಗಾಳಿಯ ಶುಭ್ರ ಆಕಾಶದ ಕೆಳಗೆ ನೆಲ ಬೇಗ ತಣಿಯುವುದರಿಂದ, ಬೇಸಗೆಯಲ್ಲಿ ಊರವರು ಹಾಸಿಗೆ ಸುತ್ತಿಕೊಂಡು ಮಾಳಿಗೆ ಹತ್ತುತ್ತಾರೆ, ಅಂಗಳಕ್ಕಿಳಿಯುತ್ತಾರೆ.