ಬಿ.ಪಿ. ಇದ್ದ ಹಿರಿಯರಿಗೆ ಎಕೋ ಪರೀಕ್ಷೆ ಏಕೆ?



ಮರಾಠಿಯಲ್ಲಿ ರಕ್ತದಾಬ ಅನ್ನುತ್ತಾರೆ, ಕನ್ನಡ ಪುಸ್ತಕಗಳಲ್ಲಿ ರಕ್ತದೊತ್ತಡ ಅಂತ ಇರುತ್ತದೆ, ನಾವು ಅಕ್ಕಲಕೋಟೆ ಕಡೆಯವರು ಎರಡನ್ನೂ ಬಿಟ್ಟು ಬಿ.ಪಿ. ಅನ್ನುತ್ತೇವೆ. ಈ ತೊಂದರೆ ಇದ್ದ ಕೆಲವು ಹಿರಿಯರಿಗೆ ಡಾಕ್ಟರು, ಸೊಲ್ಲಾಪುರಕ್ಕೆ ಹೋಗಿ ‘ಟೂ ಡಿ ಎಕೋ’ ಮಾಡಿಸಿಕೊಂಡು ಬನ್ನಿ ಎಂದು ಚೀಟಿ ಬರೆದುಕೊಡುತ್ತಾರೆ. ಎದೆನೋವಿಲ್ಲ, ದಮ್ಮಿಲ್ಲ, ಸುಮ್ಮನೆ ಖರ್ಚೇಕೆ ಎಂದು ನಮ್ಮ ಹಿರಿಯರು ಅದನ್ನು ಮಡಿಚಿ ಇಟ್ಟುಬಿಡುತ್ತಾರೆ. ಆ ಚೀಟಿಯ ವಿಷಯವನ್ನೇ ಇವತ್ತು ಹೇಳುತ್ತೇನೆ. ನಾನು ಡಾಕ್ಟರನಲ್ಲ, ಬ್ಯಾಂಕಿನಲ್ಲಿ ಲೆಡ್ಜರು ಬರೆದು ನಿವೃತ್ತನಾದವನು. ಓದಿ ತಿಳಿದಷ್ಟು ಹೇಳುವೆ.

ಬಾವಿಯೊಳಗೆ ಕೂಗಿದರೆ ದನಿ ಮರಳಿ ಬರುತ್ತದಲ್ಲ, ಎಕೋ ಎಂದರೆ ಅದೇ. ಕಿವಿಗೆ ಕೇಳಿಸದ ಧ್ವನಿಯನ್ನು ಎದೆಯ ಮೇಲಿಂದ ಒಳಗೆ ಕಳಿಸಿ, ಮರಳಿ ಬಂದ ದನಿಯಿಂದ ಹೃದಯದ ಚಿತ್ರ ಬಿಡಿಸುತ್ತಾರೆ. ಸೂಜಿ ಇಲ್ಲ, ಕ್ಷ-ಕಿರಣವೂ ಇಲ್ಲ. 1953ರಲ್ಲಿ ಸ್ವೀಡನ್ ದೇಶದ ಲುಂಡ್‌ನಲ್ಲಿ ಎಡ್ಲರ್ ಎಂಬ ಡಾಕ್ಟರು, ಹರ್ಟ್ಸ್ ಎಂಬ ವಿಜ್ಞಾನಿ ಸೇರಿ ಇದನ್ನು ಮೊದಲು ಮಾಡಿದರು. ಲೋಹದೊಳಗಿನ ಬಿರುಕು ಹುಡುಕುವ ಯಂತ್ರವನ್ನು ಎರವಲು ತಂದು ಮಾಡಿದ ಕೆಲಸವಂತೆ!

ತೋಳಿಗೆ ಪಟ್ಟಿ ಕಟ್ಟಿ ನೋಡುವ ಬಿ.ಪಿ. ಆ ದಿನದ ರೋಖಡಿ ಇದ್ದ ಹಾಗೆ. ಇವತ್ತು 140, ನಾಳೆ 160. ಹತ್ತಿಪ್ಪತ್ತು ವರ್ಷ ಆ ಒತ್ತಡ ಹೃದಯಕ್ಕೆ ಏನು ಮಾಡಿದೆ ಎನ್ನುವ ಲೆಡ್ಜರು ಮಾತ್ರ ಹೃದಯದ ಗೋಡೆಯಲ್ಲಿರುತ್ತದೆ. ತಾಲೀಮಿನಲ್ಲಿ ದಿನಾ ಭಾರ ಎತ್ತಿದವನ ತೋಳು ದಪ್ಪಗಾಗುವಂತೆ, ಹೆಚ್ಚಿನ ಒತ್ತಡದ ಎದುರು ರಕ್ತ ತಳ್ಳಿ ತಳ್ಳಿ ಹೃದಯದ ಎಡಗಡೆಯ ಕೆಳಕೋಣೆಯ ಗೋಡೆ ದಪ್ಪಗಾಗುತ್ತದೆ. ಪೈಲವಾನನಿಗೆ ಅದು ಶೋಭೆ, ಇಲ್ಲಿ ಕೇಡು. ದಪ್ಪ ಗೋಡೆ ಬಿರುಸಾಗುತ್ತದೆ, ಸರಿಯಾಗಿ ಸಡಿಲಗೊಂಡು ರಕ್ತ ತುಂಬಿಕೊಳ್ಳಲಾರದು. ಆಗ ಮೇಲುಕೋಣೆ ಹಿಗ್ಗುತ್ತದೆ. ಹಿಗ್ಗಿದ ಕೋಣೆಯಲ್ಲಿ ಬಡಿತದ ತಾಳ ತಪ್ಪಿದರೆ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗಿ ಲಕ್ವ ಹೊಡೆಯಬಹುದು. ಇಷ್ಟೆಲ್ಲ ನಡೆಯುವಾಗಲೂ ಬಹಳ ಕಾಲ ಮನುಷ್ಯನಿಗೆ ಏನೂ ಅನಿಸುವುದಿಲ್ಲ. ಇ.ಸಿ.ಜಿ.ಯಲ್ಲಿಯೂ ಎಷ್ಟೋ ಸಲ ಕಾಣಿಸುವುದಿಲ್ಲ.

ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಊರಿನಲ್ಲಿ 1948ರಿಂದ ಹೃದಯದ ಅಧ್ಯಯನ ನಡೆದಿದೆ. ಅಲ್ಲಿ 40 ದಾಟಿದ, ಹೃದ್ರೋಗ ಕಾಣಿಸದ 3,220 ಜನರಿಗೆ ಎಕೋ ಮಾಡಿ ನಾಲ್ಕು ವರ್ಷ ಗಮನಿಸಿದರು. ಕೆಳಕೋಣೆಯ ಮಾಂಸದ ತೂಕ ಹೆಚ್ಚಿದಷ್ಟೂ ಹೃದ್ರೋಗ, ಸಾವು ಹೆಚ್ಚಾಗಿದ್ದವು. ಬಿ.ಪಿ., ವಯಸ್ಸು, ಬೀಡಿ-ಸಿಗರೇಟು ಎಲ್ಲವನ್ನೂ ಲೆಕ್ಕಕ್ಕೆ ಹಿಡಿದ ಮೇಲೂ ಆ ವ್ಯತ್ಯಾಸ ಉಳಿಯಿತು. ಇದು 1990ರಲ್ಲಿ ಪ್ರಕಟವಾಯಿತು.

ನನಗೆ ಇದಕ್ಕಿಂತ ದೊಡ್ಡದೆನಿಸಿದ್ದು 2004ರಲ್ಲಿ ಪ್ರಕಟವಾದ ಮಾತು. ‘ಲೈಫ್’ ಎಂಬ ಅಧ್ಯಯನದಲ್ಲಿ 55ರಿಂದ 80 ವಯಸ್ಸಿನ, ಬಿ.ಪಿ. ಇದ್ದ 941 ಜನರಿಗೆ ಗುಳಿಗೆ ಕೊಡುತ್ತ ವರ್ಷವರ್ಷ ಎಕೋ ಮಾಡಿದರು. ಯಾರ ಹೃದಯದ ಆ ಹೆಚ್ಚಿನ ಮಾಂಸ ಇಳಿಯಿತೋ ಅವರಲ್ಲಿ ಹೃದಯಾಘಾತ, ಲಕ್ವ, ಸಾವು ಕಡಿಮೆ. ಅಂದರೆ ಈ ಸಾಲ ತೀರಿಸಬಹುದಾದದ್ದು. ಬಿ.ಪಿ. ನಾರ್ಮಲ್ ಬಂತು ಎಂದು ಗುಳಿಗೆ ಬಿಡುವ ನಮ್ಮ ಕಾಕಾ, ಅಜ್ಜಂದಿರು ಇದನ್ನು ಕೇಳಿಸಿಕೊಳ್ಳಬೇಕು.

ಎಕೋ ಎಲ್ಲರಿಗೂ ಬೇಕಿಲ್ಲ, ಡಾಕ್ಟರು ನೋಡಿ ಹೇಳುತ್ತಾರೆ. ಅದು ಜಾತಕವೂ ಅಲ್ಲ. ರಕ್ತನಾಳದ ಬ್ಲಾಕು ಅದರಲ್ಲಿ ನೇರವಾಗಿ ಕಾಣುವುದಿಲ್ಲ, ಆದ್ದರಿಂದ ಎಕೋ ಚೆನ್ನಾಗಿದ್ದರೂ ಎದೆನೋವು ಬಂದರೆ ಸುಮ್ಮನಿರಬೇಡಿ.

ರಿಪೋರ್ಟು ಇಂಗ್ಲಿಷಿನಲ್ಲಿರುತ್ತದೆ. ಎಲ್ಲರೂ ‘ಇ.ಎಫ್. 60’ ಎಂಬುದನ್ನು ನೋಡಿ ಸಮಾಧಾನಪಡುತ್ತಾರೆ. ಅದು ರಕ್ತ ತಳ್ಳುವ ಶಕ್ತಿ. ಗೋಡೆ ದಪ್ಪಗಾದಾಗಲೂ ಆ ಅಂಕಿ ಚೆನ್ನಾಗಿಯೇ ಇರಬಹುದು. ‘ಐ.ವಿ.ಎಸ್.’ ಎಂಬ ಸಾಲು ಹುಡುಕಿ. ಗೋಡೆಯ ದಪ್ಪ ಸಾಮಾನ್ಯವಾಗಿ ಹೆಂಗಸರಲ್ಲಿ 9, ಗಂಡಸರಲ್ಲಿ 10 ಮಿಲಿಮೀಟರ್ ಮೀರಬಾರದು. ಕೆಲವರು ಸೆಂಟಿಮೀಟರಿನಲ್ಲಿ ಬರೆಯುತ್ತಾರೆ, 1.2 ಎಂದಿದ್ದರೆ 12 ಮಿಲಿಮೀಟರ್. ಅಂಕಿ ಓದಲಾಗದಿದ್ದರೆ ಡಾಕ್ಟರನ್ನು ಮರಾಠಿಯಲ್ಲಿಯೇ ಕೇಳಿ: “ಹೃದಯಾಚೀ ಭಿಂತ ಜಾಡ ಝಾಲೀ ಆಹೇ ಕಾ?” ಜೊತೆಗೆ ಮೇಲುಕೋಣೆ ಹಿಗ್ಗಿದೆಯೇ ಎಂದೂ ಕೇಳಿ. ಹಳೆಯ ರಿಪೋರ್ಟು ಇದ್ದರೆ ಹೊಲದ ಉತಾರದ ಜೊತೆಗೇ ಜೋಪಾನವಾಗಿ ಇಟ್ಟುಕೊಂಡಿದ್ದು, ಮುಂದಿನ ಸಲ ಹೋಗುವಾಗ ತೆಗೆದುಕೊಂಡು ಹೋಗಿ. ಗೋಡೆ ಏರಿದೆಯೋ ಇಳಿದಿದೆಯೋ ಎಂಬುದು ಎರಡನ್ನೂ ಪಕ್ಕಪಕ್ಕ ಇಟ್ಟಾಗಲೇ ಡಾಕ್ಟರಿಗೆ ಗೊತ್ತಾಗುವುದು.