ಜೀಪುಗಾಡಿಗೆ ವಿಂಚ್ ಯಂತ್ರ: ಅದರ ಆಯ್ಕೆ, ತಂತಿಜೋಡಣೆ ಮತ್ತು ಸಂರಕ್ಷಣೆ

ಮಲೆನಾಡಿನ ಕಾಫಿ, ಏಲಕ್ಕಿ, ಅಡಕೆಯ ತೋಟಗಾರರಿಗೆ ಜೀಪುಗಾಡಿಯು ಹಿಂದಣ ಕಾಲದ ಎತ್ತಿನ ಗಾಡಿಯಷ್ಟೇ ಅವಶ್ಯವಾದ ಸಾಧನವಾಗಿದೆ. 1947ನೆಯ ಇಸವಿಯಲ್ಲಿ ಮಹೀಂದ್ರ ಕಂಪೆನಿಯವರು ಮುಂಬಯಿಯಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸಲಾರಂಭಿಸಿದರು. ಅವುಗಳ ಸಂತತಿಯ ಗಾಡಿಗಳು ಇಂದಿಗೂ ಘಟ್ಟದ ತೋಟಗಳಲ್ಲಿ ಗೊಬ್ಬರವನ್ನೂ ಕಾಫಿಮೂಟೆಗಳನ್ನೂ ಆಳುಗಳನ್ನೂ ಹೊತ್ತು ತಿರುಗುತ್ತಿವೆ. ಆದರೆ ಆಗುಂಬೆಯಂತಹ ಸ್ಥಳಗಳಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಬೀಳುವುದಷ್ಟೆ. ಅಂತಹ ಸೀಮೆಯ ಕಾಲುದಾರಿಗಳಲ್ಲಿ ಟೈರಿನ ಗೀರುಗಳು ಕೆಸರಿನಿಂದ ತುಂಬಿಕೊಂಡ ಮೇಲೆ ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಶಕ್ತಿಯಿದ್ದರೂ ಗಾಡಿಯು ನಿಂತಲ್ಲಿಯೇ ಹೂತುಹೋಗುವುದು. ಆಗ ಗಾಡಿಯು ತನ್ನನ್ನು ತಾನೇ ಎಳೆದುಕೊಳ್ಳುವುದಕ್ಕಾಗಿ ಮುಂಭಾಗದಲ್ಲಿ ಕೂಡಿಸುವ ವಿದ್ಯುತ್ ಯಂತ್ರವೇ ವಿಂಚ್.

ಈ ವಿಷಯವನ್ನು ಬರೆಯಲು ನನ್ನನ್ನು ಪ್ರೇರಿಸಿದ ಸಂಗತಿಯನ್ನು ಮೊದಲು ಅರಿಕೆಮಾಡುವೆನು. 2016ನೆಯ ಇಸವಿಯ ಜುಲೈ ತಿಂಗಳಿನಲ್ಲಿ ಒಂದು ಕಾಫಿ ತೋಟಕ್ಕೆ ಕೊಳೆರೋಗದ ತನಿಖೆಗಾಗಿ ಹೋಗಿದ್ದೆನು. ಮರಗಸಿ ಮಾಡುತ್ತಿದ್ದ ಆಳೊಬ್ಬನು ಜಾರಿಬಿದ್ದು ಕಾಲು ಮುರಿದುಕೊಂಡನು. ಅವನನ್ನು ಜೀಪಿನಲ್ಲಿ ಮಲಗಿಸಿಕೊಂಡು ಇಳಿಯುತ್ತಿರುವಾಗ ಹಳ್ಳದ ದಾಟಿನಲ್ಲಿ ಗಾಡಿ ಹೂತಿತು. ಮುಂದೆ ಹೊಸ ವಿಂಚ್ ಇದ್ದುದರಿಂದ ನಾವು ಯಾರೂ ಗಾಬರಿಯಾಗಲಿಲ್ಲ. ಹಗ್ಗವನ್ನು ಹಲಸಿನ ಮರಕ್ಕೆ ಬಿಗಿದು ಗುಂಡಿಯನ್ನೊತ್ತಿದೊಡನೆಯೇ ಉರುಳೆಯು ಎರಡು ಸುತ್ತು ತಿರುಗಿ ನಿಂತಿತು. ಬಾನೆಟ್ಟಿನ ಕೆಳಗಿನಿಂದ ಹೊಗೆ ಬಂದಿತು. ಯಂತ್ರದಲ್ಲಿ ಯಾವ ದೋಷವೂ ಇರಲಿಲ್ಲ. ಅದನ್ನು ಜೋಡಿಸಿದವನು ದೀಪಕ್ಕೆ ಹಾಕುವಂತೆ ಸಣ್ಣ ತಂತಿಯನ್ನು ಹಾಕಿದ್ದನು. ಗಾಯಾಳುವನ್ನು ಕುರ್ಚಿಗೆ ಕಟ್ಟಿ ಎರಡು ಮೈಲಿ ಹೆಗಲ ಮೇಲೆ ಹೊತ್ತೆವು. ಆ ಎರಡು ಮೈಲಿಗಳಲ್ಲಿ ಅವನು ಪಟ್ಟ ಯಾತನೆಯನ್ನು ನಾನು ಮರೆತಿಲ್ಲ.

ಯಂತ್ರವನ್ನು ಆರಿಸುವಾಗ ಗಾಡಿಯ ಬರಿಯ ತೂಕವನ್ನಲ್ಲ, ಹೊರೆಸಹಿತವಾದ ತೂಕವನ್ನು ಗಣಿಸತಕ್ಕದ್ದು. ಆ ತೂಕದ ಒಂದೂವರೆಯಷ್ಟು ಎಳೆಯಬಲ್ಲ ಯಂತ್ರವಿರಬೇಕೆಂಬುದು ಸಾಮಾನ್ಯ ನಿಯಮ. ಹೊರೆಯೊಡನೆ 2,200 ಕಿಲೋ ತೂಗುವ ಜೀಪಿಗೆ ಈ ಲೆಕ್ಕದಂತೆ 3,300 ಕಿಲೋ ಆಗುವುದರಿಂದ 8,000 ಪೌಂಡಿನ, ಎಂದರೆ ಸುಮಾರು 3,630 ಕಿಲೋವಿನ ಯಂತ್ರವು ಸಾಕೆಂದು ಅಂಗಡಿಯವರು ಹೇಳುವರು. ಇದರಲ್ಲಿ ಒಂದು ಸೂಕ್ಷ್ಮವುಂಟು. ಯಂತ್ರದ ಮೇಲೆ ಅಚ್ಚುಹಾಕಿದ ಬಲವು ಉರುಳೆಯ ಮೇಲಿನ ಮೊದಲನೆಯ ಪದರಕ್ಕೆ ಮಾತ್ರ ಸಲ್ಲುವುದು. ಹಗ್ಗವು ಪದರಪದರವಾಗಿ ಸುತ್ತಿಕೊಂಡಂತೆಲ್ಲ ಉರುಳೆಯ ಗಾತ್ರ ಹೆಚ್ಚಿ ಎಳೆತವು ಕುಗ್ಗುತ್ತದೆ. ನಾಲ್ಕನೆಯ ಪದರಕ್ಕೆ ಬರುವಷ್ಟರಲ್ಲಿ ಮೂರರಲ್ಲೊಂದು ಪಾಲು ಹೋಗಿರುವುದುಂಟು. ಆಗ ಉಳಿಯುವುದು ಸುಮಾರು 2,400 ಕಿಲೋ ಮಾತ್ರ. ಇತ್ತ, ಚಕ್ರದ ಮಟ್ಟಕ್ಕೆ ಹೂತ ಗಾಡಿಯನ್ನು ಎಳೆಯಲು ಅದರ ತೂಕದಷ್ಟೇ ಬಲ ಬೇಕು. 15 ಡಿಗ್ರಿಯ ಏರಿದ್ದರೆ ತೂಕದ ಕಾಲುಭಾಗವನ್ನು ಅದಕ್ಕೆ ಸೇರಿಸಬೇಕು. ಒಟ್ಟು 2,750 ಕಿಲೋ ಆಯಿತು. ಆದಕಾರಣ ನನ್ನ ಅಭಿಪ್ರಾಯದಲ್ಲಿ ಘಟ್ಟದ ತೋಟಗಳಿಗೆ 9,500 ಪೌಂಡಿಗೆ ಕಡಮೆಯಾದುದನ್ನು ಕೊಳ್ಳಬಾರದು. ಮಡ್‌ಗಾರ್ಡಿನವರೆಗೆ ಹೂತರೆ ತೂಕದ ಎರಡರಷ್ಟು ಬಲ ಬೇಕಾಗುವುದರಿಂದ ರಾಟೆಯ ಸಹಾಯವಿಲ್ಲದೆ ಆಗದು. ಹಗ್ಗವನ್ನು ಮರದಲ್ಲಿ ಬಿಗಿದ ರಾಟೆಯ ಮೂಲಕ ಹಾಯಿಸಿ ಗಾಡಿಗೇ ತಂದು ಸಿಕ್ಕಿಸಿದರೆ ವೇಗವು ಅರ್ಧವಾಗಿ ಎಳೆತವು ಸುಮಾರು ಇಮ್ಮಡಿಯಾಗುವುದು. ಬಾವಿಯ ರಾಟೆಯನ್ನು ಬಲ್ಲ ನಮ್ಮವರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ.

ಹಗ್ಗಗಳಲ್ಲಿ ಉಕ್ಕಿನದು ಮತ್ತು ಕೃತಕ ನಾರಿನದು ಎಂದು ಎರಡು ಬಗೆ. ನಾರಿನದು ನೀರಿನ ಮೇಲೆ ತೇಲುವಷ್ಟು ಹಗುರ; ಹರಿದರೂ ಉಕ್ಕಿನದರಂತೆ ಭಯಂಕರವಾಗಿ ಬೀಸಿ ಹೊಡೆಯುವುದಿಲ್ಲ. ಆದರೆ ಬಿಸಿಲು, ಕಾವು, ಕಲ್ಲಿನ ಅಂಚುಗಳು ಅದಕ್ಕೆ ವೈರಿಗಳು. ನಮ್ಮ ಜಂಬಿಟ್ಟಿಗೆ ಮಣ್ಣಿನ ಹರಳು ಎಳೆಗಳ ನಡುವೆ ಸೇರಿ ಒಳಗಿನಿಂದಲೇ ಕತ್ತರಿಸುತ್ತದೆ. ಪ್ರತಿಸಲವೂ ತೊಳೆದು ನೆರಳಿನಲ್ಲಿ ಒಣಗಿಸುವವರು ಅದನ್ನು ಕೊಳ್ಳಬಹುದು. ಗಾಡಿಯನ್ನು ಡ್ರೈವರನ ಕೈಗೊಪ್ಪಿಸಿ ಮರೆಯುವವರಿಗೆ ಉಕ್ಕಿನದೇ ಲೇಸು. ಉಕ್ಕಿನ ಹಗ್ಗ ಉಜ್ಜಿ ಗೀರುಬಿದ್ದ ಉರುಳುಗಳ ಮೇಲೆ ನಾರಿನ ಹಗ್ಗವನ್ನು ಎಂದಿಗೂ ಹಾಯಿಸಬಾರದು.

ಇನ್ನು ತಂತಿಜೋಡಣೆ. ಪೂರ್ಣ ಭಾರದಲ್ಲಿ 12 ವೋಲ್ಟಿನ ಇಂತಹ ಯಂತ್ರವು 400 ಆಂಪಿಯರುಗಳಷ್ಟು ವಿದ್ಯುತ್ತನ್ನು ಸೆಳೆಯುವುದುಂಟು. ಬ್ಯಾಟರಿಯಿಂದ ಯಂತ್ರಕ್ಕೆ ಹೋಗಿಬರುವ ತಂತಿಯ ಉದ್ದ 4 ಮೀಟರು ಎಂದಿಟ್ಟುಕೊಳ್ಳೋಣ. 16 ಚದರ ಮಿಲಿಮೀಟರಿನ ತಾಮ್ರದ ತಂತಿಯಾದರೆ 1.7 ವೋಲ್ಟು ದಾರಿಯಲ್ಲಿಯೇ ನಷ್ಟವಾಗಿ, ಸುಮಾರು 690 ವಾಟಿನ ಕಾವು ತಂತಿಯಲ್ಲಿಯೇ ಹುಟ್ಟುವುದು. ಇಸ್ತ್ರಿಪೆಟ್ಟಿಗೆಯೊಂದನ್ನು ಬಾನೆಟ್ಟಿನೊಳಗೆ ಹೊತ್ತಿಸಿಟ್ಟಂತೆ! 35 ಚದರ ಮಿಲಿಮೀಟರಿನದನ್ನು ಹಾಕಿದರೆ ನಷ್ಟವು 0.8 ವೋಲ್ಟಿಗೆ ಇಳಿಯುವುದು. 50ರದಾದರೆ ಇನ್ನೂ ಉತ್ತಮ. ಮರಳುವ ಋಣ ತಂತಿಯನ್ನು ಗಾಡಿಯ ಮೈಗೆ ಸಿಕ್ಕಿಸಿ ಕೈತೊಳೆದುಕೊಳ್ಳುವ ಪದ್ಧತಿಯು ಕೆಟ್ಟದ್ದು. ಬಣ್ಣ, ತುಕ್ಕುಗಳ ಮೂಲಕ 400 ಆಂಪಿಯರು ಸುಗಮವಾಗಿ ಹರಿಯಲಾರದು. ಅದನ್ನೂ ಅದೇ ದಪ್ಪದ ತಂತಿಯಿಂದ ಬ್ಯಾಟರಿಯ ಋಣ ತುದಿಗೇ ತರತಕ್ಕದ್ದು.

ಧನ ತಂತಿಯ ಮೇಲೆ, ಬ್ಯಾಟರಿಗೆ ಆದಷ್ಟು ಸಮೀಪದಲ್ಲಿ, ವಿದ್ಯುತ್ತನ್ನು ಪೂರ್ತಿಯಾಗಿ ಕಡಿಯುವ ದೊಡ್ಡ ಸ್ವಿಚ್ಚೊಂದಿರಬೇಕು. ಕೆಲಸವಿಲ್ಲದಾಗ ಅದು ಆರಿಯೇ ಇರಬೇಕು. ತಂತಿಯು ಬಂಪರಿಗೆ ಉಜ್ಜಿ ಹೊದಿಕೆ ಸವೆದರೆ ಗಾಡಿಯೇ ಸುಟ್ಟುಹೋದೀತು. ಈ ಸ್ವಿಚ್ಚು ಆ ಅಪಾಯವನ್ನು ತಡೆಯುವುದು. ತಗಡನ್ನು ಹಾದುಹೋಗುವೆಡೆಯಲ್ಲೆಲ್ಲ ರಬ್ಬರಿನ ಬಳೆಯಿಟ್ಟು, ತಂತಿಗೆ ಕೊಳವೆಯ ಹೊದಿಕೆ ಕೊಟ್ಟು, ಸೈಲೆನ್ಸರಿನಿಂದಲೂ ಫ್ಯಾನಿನಿಂದಲೂ ದೂರ ಕಟ್ಟಬೇಕು. ತುದಿಯ ತಾಮ್ರದ ಲಗ್ಗುಗಳನ್ನು ಸುತ್ತಿಗೆಯಿಂದ ಜಜ್ಜದೆ ತಕ್ಕ ಯಂತ್ರದಿಂದ ಅದುಮಿಸತಕ್ಕದ್ದು. ನಾನು ನೋಡಿದ ಕೆಟ್ಟ ಜೋಡಣೆಗಳಲ್ಲಿ ಅರ್ಧಕ್ಕರ್ಧ ಈ ಲಗ್ಗುಗಳಲ್ಲಿಯೇ ಕೆಟ್ಟಿದ್ದವು. ವಿದ್ಯುತ್ತಿನ ದಿಕ್ಕು ಬದಲಿಸುವ ರಿಲೇ ಪೆಟ್ಟಿಗೆಯನ್ನು ಬಂಪರಿನ ಮೇಲೆ ಕೆಸರು ಚಿಮ್ಮುವೆಡೆಯಲ್ಲಿ ಬಿಡದೆ ಬಾನೆಟ್ಟಿನೊಳಗೆ ಎತ್ತರದಲ್ಲಿ ಕೂಡಿಸಿದರೆ ಬಾಳಿಕೆ ಹೆಚ್ಚು.

ಎಳೆಯುವಾಗ ಎಂಜಿನ್ ಓಡುತ್ತಿರಬೇಕು. ಆದರೂ 400 ಆಂಪಿಯರಿನಂತೆ ಒಂದು ನಿಮಿಷ ಎಳೆದುದನ್ನು 60 ಆಂಪಿಯರಿನ ಆಲ್ಟರ್ನೇಟರು ಬ್ಯಾಟರಿಗೆ ಮರಳಿ ತುಂಬಲು ಏಳು ನಿಮಿಷದಷ್ಟು ಬೇಕು. ಮೋಟಾರಿನ ಕಾವಿಗೂ ಇದೇ ಹಿತ: ಸ್ವಲ್ಪ ಎಳೆದು, ನಿಲ್ಲಿಸಿ, ಮೋಟಾರಿನ ಮೈಯನ್ನು ಕೈಯಿಂದ ಮುಟ್ಟಿನೋಡಬೇಕು. ಕೈಯಿಡಲಾರದಷ್ಟು ಕಾದಿದ್ದರೆ ಆರುವವರೆಗೆ ಬೀಡಿ ಸೇದುವವರು ದೂರ ಹೋಗಿ ಸೇದಿ ಬರಲಿ.

ಯಂತ್ರವನ್ನು ಷಾಸಿಗೆ ಬಿಗಿಯಾದ ಉಕ್ಕಿನ ಹಲಗೆಯ ಮೇಲಲ್ಲದೆ ತೆಳು ಬಂಪರಿನ ಮೇಲೆ ಕೂಡಿಸಬಾರದು. ಇದಲ್ಲದೆ 1988ನೆಯ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು ನೋಂದಣಿಯಲ್ಲಿ ಬರೆದಿರುವುದಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಮಾರ್ಪಡಿಸುವುದನ್ನು ನಿರ್ಬಂಧಿಸಿದೆ. ಆದ್ದರಿಂದ ಸಾರ್ವಜನಿಕ ರಸ್ತೆಯಲ್ಲಿ ಓಡಿಸುವವರು ಹಣ ತೆರುವುದಕ್ಕೆ ಮುಂಚೆಯೇ ಸಾರಿಗೆ ಅಧಿಕಾರಿಗಳನ್ನು ವಿಚಾರಿಸುವುದು ಒಳ್ಳೆಯದು.

ಮರಕ್ಕೆ ಕಟ್ಟುವಾಗ ಬರಿಯ ಹಗ್ಗವನ್ನು ಸುತ್ತಿ ಅದರ ಕೊಂಡಿಯನ್ನು ಅದಕ್ಕೇ ಸಿಕ್ಕಿಸಿದರೆ ಹಗ್ಗವೂ ಕೆಡುವುದು, ತೊಗಟೆಯೂ ಸುಲಿಯುವುದು. ಅಗಲವಾದ ಪಟ್ಟಿಯನ್ನು ಬುಡದಲ್ಲಿ ತಗ್ಗಾಗಿ ಸುತ್ತಿ ಶ್ಯಾಕಲಿನಿಂದ ಕೂಡಿಸಬೇಕು. ಮೆಣಸಿನ ಬಳ್ಳಿ ಹಬ್ಬಿದ ಮರವನ್ನು ದಯವಿಟ್ಟು ಬಿಡಿರಿ. ಒಂದು ಗಳಿಗೆಯ ಎಳೆತಕ್ಕೆ ಹಲವು ವರ್ಷದ ಬಳ್ಳಿ ಬಲಿಯಾಗುವುದು. ಉರುಳೆಯ ಮೇಲೆ ಉಕ್ಕಿನ ಹಗ್ಗ ಕನಿಷ್ಠ ಐದು ಸುತ್ತು, ನಾರಿನದು ಹತ್ತು ಸುತ್ತು ಉಳಿದಿರಬೇಕು. ಬಿಗಿದ ಹಗ್ಗದ ನಡುವೆ ಒದ್ದೆಯ ಕಂಬಳಿ ಹಾಸಿದರೆ, ಹರಿದಾಗ ಅದರ ಬೀಸು ಕುಂದುವುದು. ಹಗ್ಗವನ್ನು ಯಾರೂ ದಾಟಕೂಡದು. ಮಕ್ಕಳು ನೋಡಲು ಬಂದೇ ಬರುವರು, ಅವರನ್ನು ಹಗ್ಗದ ಉದ್ದಕ್ಕಿಂತಲೂ ದೂರ ನಿಲ್ಲಿಸತಕ್ಕದ್ದು. ಉಕ್ಕಿನ ಹಗ್ಗ ಹಿಡಿಯುವವನಿಗೆ ತೊಗಲಿನ ಕೈಚೀಲ ಬೇಕು.

ಮುಂದಿನ ವಿಂಚ್ ಗಾಡಿಯನ್ನು ಮುಂದಕ್ಕೇ ಎಳೆಯುವುದು. ಹಿಂದಕ್ಕೆ ಎಳೆಯಬೇಕಾದಾಗ ಕೈಸನ್ನೆಯಿಂದ ನಡೆಯುವ ಟಿರ್ಫರ್ ಯಂತ್ರವು ಬಹಳ ಉಪಯುಕ್ತ. ಸಣ್ಣ ಹಿಡುವಳಿಯವರು ಇಷ್ಟು ವೆಚ್ಚಮಾಡದೆ ಅದೊಂದನ್ನೇ ಇಟ್ಟುಕೊಂಡರೂ ಕೆಲಸ ನಡೆಯುವುದು. ಬ್ಯಾಟರಿಯ ಹಂಗೇ ಇಲ್ಲ.

ಮಳೆಗಾಲಕ್ಕೆ ಮೊದಲು, ಮೇ ತಿಂಗಳಿನಲ್ಲಿ, ಹಗ್ಗವನ್ನು ಪೂರ್ತಿಯಾಗಿ ಹೊರಗೆಳೆದು ಮುರಿದ ಎಳೆಗಳುಂಟೋ ನೋಡಿ, ಹಗುರವಾದ ಏರಿನಲ್ಲಿ ಗಾಡಿಯ ಭಾರವನ್ನೇ ಹಾಕಿ ಒತ್ತಾಗಿ ಸುತ್ತಿಕೊಳ್ಳಬೇಕು. ಸಡಿಲವಾಗಿ ಸುತ್ತಿದುದು ಭಾರ ಬಿದ್ದಾಗ ಕೆಳಪದರಕ್ಕೆ ಇಳಿದು ಸಿಕ್ಕಿಕೊಳ್ಳುವುದು. ಮಳೆಗಾಲದಲ್ಲಿ ತಿಂಗಳಿಗೊಮ್ಮೆಯಾದರೂ ಯಂತ್ರವನ್ನು ಎರಡು ನಿಮಿಷ ಭಾರವಿಲ್ಲದೆ ತಿರುಗಿಸಿ, ಲಗ್ಗುಗಳಿಗೆ ಗ್ರೀಸು ಸವರಿ, ಕ್ಯಾನ್ವಾಸಿನ ಹೊದಿಕೆ ಹಾಕಿರಿ. ಹೊದಿಕೆಯ ಕೆಳಭಾಗವು ತೆರೆದಿರಲಿ. ಎಲ್ಲ ಕಡೆಯೂ ಮುಚ್ಚಿದರೆ ಒಳಗಿನ ತೇವವು ಆರದೆ ಮೋಟಾರು ತುಕ್ಕುಹಿಡಿಯುವುದು.