ಬಾಣಂತಿಗೆ ಕಾಯಿಸಿದ ನೀರು ಮಗುವಿಗಲ್ಲ

ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಬಚ್ಚಲುಮನೆಯಿಂದ ಎಳೆಮಗುವಿನ ಅಳು ಕೇಳಿಸಿತೆಂದರೆ ಅಕ್ಕಪಕ್ಕದವರಿಗೂ ಗೊತ್ತಾಗುತ್ತದೆ, ಮಗುವಿಗೆ ನೀರು ಹಾಕುತ್ತಿದ್ದಾರೆ ಎಂದು. ಒಳಗೆ ಅಜ್ಜಿ ಮಣೆಯ ಮೇಲೆ ಕುಳಿತು, ಸೀರೆಯನ್ನು ಮೊಣಕಾಲವರೆಗೆ ಎತ್ತಿ ಕಟ್ಟಿ, ಎರಡೂ ಕಾಲು ನೀಡಿ, ಅವುಗಳ ನಡುವೆ ಮಗುವನ್ನು ಮಲಗಿಸಿಕೊಂಡಿರುತ್ತಾರೆ. ಪಕ್ಕದ ಹಂಡೆಯಿಂದ ಹಬೆ ಏಳುತ್ತಿರುತ್ತದೆ. ಬಾಗಿಲ ಬಳಿ ನಿಂತ ಬಾಣಂತಿ ಮಗಳು, "ಅಮ್ಮಾ, ನೀರು ಬಿಸಿ ಜಾಸ್ತಿಯಾಯ್ತೇನೋ" ಎಂದು ಅನುಮಾನಿಸಿದರೆ ಉತ್ತರ ಸಿದ್ಧವಾಗಿಯೇ ಇರುತ್ತದೆ: "ನಿನ್ನನ್ನೂ ಹೀಗೇ ಎರೆದು ಬೆಳೆಸಿದ್ದು ಕಣೇ!"

ಈ ಮಾತಿಗೆ ಎದುರಾಡುವುದು ಕಷ್ಟ. ಆಡಬೇಕಾದ ಅಗತ್ಯವೂ ಪೂರ್ತಿಯಾಗಿ ಇಲ್ಲ. ಎಣ್ಣೆ ಸೋಪುಗಳಿಂದ ಜಾರುವ ಮೂರು ಕಿಲೋ ತೂಕದ ಮಗುವನ್ನು ಹಿಡಿಯಲು ನೀಡಿದ ಕಾಲುಗಳಿಗಿಂತ ಭದ್ರವಾದ ಜಾಗ ಇಲ್ಲ. ಎರಡೂ ಕೈ ಬಿಡುವಾಗಿರುತ್ತವೆ, ನೀರು ನಿಲ್ಲದೆ ಹರಿದು ಹೋಗುತ್ತದೆ. ಅಂಗಡಿಯಲ್ಲಿ ಸಿಗುವ ಬಣ್ಣದ ಪ್ಲಾಸ್ಟಿಕ್ ಟಬ್ಬಿಗಿಂತ ಅಜ್ಜಿಯ ಕಾಲೇ ವಾಸಿ ಎಂಬುದು ನನ್ನ ಅಭಿಪ್ರಾಯ. ಟಬ್ಬಿನಲ್ಲಿ ನಾಲ್ಕು ಬೆರಳು ನೀರು ನಿಂತಿದ್ದರೂ, ಫೋನು ಬಡಿದುಕೊಂಡಿತೆಂದು ಒಂದು ಗಳಿಗೆ ಎದ್ದು ಹೋದರೂ ಅನಾಹುತವಾಗಬಹುದು. ತೊಂದರೆ ಇರುವುದು ಕಾಲುಗಳಲ್ಲಲ್ಲ, ಆ ಹಂಡೆಯಲ್ಲಿ.

ನಮ್ಮ ಮನೆಗಳಲ್ಲಿ ಬಾಣಂತಿಗೆ ಮೈನೋವು ಹೋಗಲೆಂದು ಸುಡುಸುಡು ನೀರು ಎರೆಯುವ ರೂಢಿ ಇದೆ. ಮಗುವಿಗೂ ಅದೇ ಹಂಡೆಯ ನೀರು. ಹದ ನೋಡುವುದು ಅಜ್ಜಿಯ ಅಂಗೈ. ಆದರೆ ನಲವತ್ತು ವರ್ಷ ಬಿಸಿ ಪಾತ್ರೆ ಇಳಿಸಿ, ರೊಟ್ಟಿ ತಟ್ಟಿ, ಬಟ್ಟೆ ಒಗೆದ ಅಂಗೈ ಅದು. ಅದಕ್ಕೆ ಹಿತವೆನಿಸಿದ ಬಿಸಿ ಮಗುವಿನ ತೆಳು ಚರ್ಮಕ್ಕೆ ಸುಡುತ್ತದೆ. ಮಗುವಿನ ಮೈ ಕೆಂಪೇರಿದ್ದನ್ನು ನೋಡಿ "ರಕ್ತ ಚೆನ್ನಾಗಿ ಓಡ್ತಾ ಇದೆ" ಎಂದು ಸಂತೋಷಪಡುವವರಿದ್ದಾರೆ. ಪಾಪ, ಅದು ಬಿಸಿ ತಾಳಲಾರದ ಕೆಂಪು. ಗೀಸರಿನ ನೀರು ಸುಲಭವಾಗಿ 60 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಅಷ್ಟು ಬಿಸಿ ನೀರು ದೊಡ್ಡವರ ಚರ್ಮವನ್ನೇ ಸುಮಾರು 5 ಸೆಕೆಂಡಿನಲ್ಲಿ ಸುಟ್ಟುಬಿಡಬಲ್ಲದು. ಮಗುವಿನ ಚರ್ಮಕ್ಕೆ ಅಷ್ಟೂ ಹೊತ್ತು ಬೇಡ.

ಮಗುವಿಗೆ ಬೇಕಾದದ್ದು 37-38 ಡಿಗ್ರಿ, ಅಂದರೆ ಹೆಚ್ಚುಕಡಿಮೆ ನಮ್ಮ ಮೈಯಷ್ಟೇ ಬಿಸಿ. ಇದಕ್ಕೆ ಮಗುವಿನ ನೀರಿನ ಬಕೆಟ್ಟನ್ನು ಬೇರೆ ಇಟ್ಟರೆ ಅರ್ಧ ಕೆಲಸ ಮುಗಿಯಿತು. ಮೊದಲು ತಣ್ಣೀರು ಹಾಕಿ, ಆಮೇಲೆ ಬಿಸಿನೀರು ಬೆರೆಸಿ, ಚೆನ್ನಾಗಿ ಕಲಕಿ, ಅಂಗೈ ಬದಲು ಮೊಣಕೈ ಅದ್ದಿ ನೋಡಬೇಕು. ಬಿಸಿಯೂ ಅಲ್ಲ, ತಣ್ಣಗೂ ಅಲ್ಲ ಎನಿಸಿದರೆ ಹದ ಸರಿ. ಮಗು ಕಾಲ ಮೇಲಿರುವಾಗ ಮಾತ್ರ ಆ ಬಕೆಟ್ಟಿಗೆ ಯಾರೂ ಬಿಸಿನೀರು ಸುರಿಯಬಾರದು.

ಬಿಸಿಯ ಭಯ ಕಣ್ಣಿಗೆ ಕಾಣುತ್ತದೆ. ಚಳಿಯ ಭಯ ಕಾಣುವುದಿಲ್ಲ, ಅದಕ್ಕೇ ಅದು ಹೆಚ್ಚು ಅಪಾಯ. ವಿಜ್ಞಾನ ಓದುವ ಮಕ್ಕಳು ಒಂದು ಲೆಕ್ಕ ನೆನಪಿಸಿಕೊಳ್ಳಲಿ: ವಸ್ತು ಚಿಕ್ಕದಾದಷ್ಟೂ ಅದರ ತೂಕಕ್ಕೆ ಹೋಲಿಸಿದರೆ ಮೇಲ್ಮೈ ಜಾಸ್ತಿ, ಶಾಖ ಬೇಗ ಸೋರಿಹೋಗುತ್ತದೆ. ಲೋಟದ ಕಾಫಿ ಪಾತ್ರೆಯ ಕಾಫಿಗಿಂತ ಬೇಗ ಆರುವಂತೆ. ಸಾಲದ್ದಕ್ಕೆ ನವಜಾತ ಶಿಶುವಿನ ಉದ್ದದಲ್ಲಿ ಕಾಲು ಭಾಗ ತಲೆಯೇ. ಆ ತಲೆ ಒದ್ದೆಯಾಗಿದ್ದರೆ ನೀರು ಆವಿಯಾಗುತ್ತಾ ಮೈಯ ಶಾಖವನ್ನೂ ಹೊತ್ತೊಯ್ಯುತ್ತದೆ. ನಮ್ಮಂತೆ ಗಡಗಡ ನಡುಗಿ ಬಿಸಿ ಹುಟ್ಟಿಸಿಕೊಳ್ಳುವ ಶಕ್ತಿ ಅದಕ್ಕಿನ್ನೂ ಬಂದಿರುವುದಿಲ್ಲ. ಬೆನ್ನಿನ ಮೇಲೆ, ಕತ್ತಿನ ಸುತ್ತ ಇರುವ ಒಂದಿಷ್ಟು ಕಂದು ಕೊಬ್ಬನ್ನು ಉರಿಸಿಕೊಂಡು ಅದು ಮೈ ಕಾಯಿಸಿಕೊಳ್ಳುತ್ತದೆ. ದಿನ ತುಂಬದೆ ಹುಟ್ಟಿದ ಮಗುವಿಗೆ ಅದೂ ಕಡಿಮೆ.

"ನೀರು ಹಾಕಿದ ಮೇಲೆ ನೋಡಿ, ನಾಲ್ಕು ಗಂಟೆ ಅಲುಗಾಡದೆ ಮಲಗಿತು" ಎಂದು ಎಣ್ಣೆನೀರಿನ ಗುಣಗಾನ ಮಾಡುವುದುಂಟು. ಬೆಚ್ಚಗಿನ ಸ್ನಾನ, ಹೊಟ್ಟೆ ತುಂಬ ಹಾಲು ಸಿಕ್ಕ ಮಗು ಚೆನ್ನಾಗಿ ಮಲಗುವುದು ನಿಜವೇ. ಆದರೆ ಮೈ ತಣ್ಣಗಾದ ಮಗುವೂ ಹೀಗೇ ಸದ್ದಿಲ್ಲದೆ ಮಲಗುತ್ತದೆ. ಅಳುವುದಿಲ್ಲ, ಹಾಲಿಗೆ ಬಾಯಿ ಹಾಕುವುದಿಲ್ಲ. ಆದ್ದರಿಂದ ಸ್ನಾನವಾದ ಮೇಲೆ ಮಲಗಿದ ಮಗುವಿನ ಹೊಟ್ಟೆ, ಪಾದ ಮುಟ್ಟಿ ನೋಡಬೇಕು. ಪಾದವೂ ಹೊಟ್ಟೆಯೂ ತಣ್ಣಗಿದ್ದರೆ, ಕಂಕುಳಲ್ಲಿಟ್ಟ ಥರ್ಮಾಮೀಟರ್ 36.5 ಡಿಗ್ರಿಗಿಂತ ಕಡಿಮೆ ತೋರಿಸಿದರೆ, ತಾಯಿ ಎದೆಗೆ ಬರಿಮೈಯಲ್ಲಿ ಅವಚಿಕೊಂಡು ಮೇಲೆ ಹೊದಿಕೆ ಹೊದೆಯಬೇಕು. ಮಗು ಎಚ್ಚರಗೊಂಡು ಹಾಲು ಕುಡಿಯದಿದ್ದರೆ ಸಂಜೆಯ ತನಕ ಕಾಯದೆ ಆಸ್ಪತ್ರೆಗೆ ಹೊರಡಬೇಕು.

ಹುಟ್ಟಿದ ದಿನವೇ ಸ್ನಾನ ಬೇಡವೆನ್ನುವುದೂ ಈ ಕಾರಣಕ್ಕೇ. ಮೊದಲ ಸ್ನಾನಕ್ಕೆ 24 ಗಂಟೆಯಾದರೂ ಕಳೆಯಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. "ಮಗು ಗಲೀಜಾಗಿದೆಯಲ್ಲ" ಎಂದು ಹಿರಿಯರು ಮುಖ ಸಿಂಡರಿಸುವ ಆ ಬಿಳಿ ಬೆಣ್ಣೆಯಂಥ ಲೇಪ ಗಲೀಜಲ್ಲ. ಚರ್ಮ ಒಣಗದಂತೆ, ಸೋಂಕು ತಗಲದಂತೆ ಕಾಯುವ ಪ್ರಕೃತಿಯ ಮುಲಾಮು. ರಕ್ತ ಒರೆಸಿ, ಲೇಪವನ್ನು ಅಲ್ಲಿಗೇ ಬಿಡಬೇಕು. ತೂಕ ಎರಡೂವರೆ ಕಿಲೋಗಿಂತ ಕಡಿಮೆ ಇರುವ ಮಗುವಿಗಂತೂ ಎಂದಿನಿಂದ ನೀರು ಹಾಕಬಹುದೆಂದು ವೈದ್ಯರನ್ನೇ ಕೇಳಿ. ಹೊಕ್ಕುಳಬಳ್ಳಿ ಉದುರಲು ಒಂದೆರಡು ವಾರ ಬೇಕು. ಅಲ್ಲಿಯವರೆಗೆ ಬೆಚ್ಚಗಿನ ನೀರಲ್ಲಿ ಹಿಂಡಿದ ಬಟ್ಟೆಯಿಂದ ಮೈ ಒರೆಸಿದರೂ ಸಾಕು. ಬಳ್ಳಿಗೆ ಅರಿಶಿನ, ಬೂದಿ, ಎಣ್ಣೆ ಯಾವುದೂ ಬೇಡ, ಒಣಗಿದ್ದರೆ ಆಯಿತು. ಸುತ್ತ ಕೆಂಪಾದರೆ, ಕೀವು ಅಥವಾ ವಾಸನೆ ಬಂದರೆ ತೋರಿಸಬೇಕು.

ಇನ್ನು ಎಣ್ಣೆಯ ವಿಚಾರ. ಕೊಬ್ಬರಿ ಎಣ್ಣೆ ಹಚ್ಚಿ ಹಗುರವಾಗಿ ನೀವುವುದು ಎಳೆ ಚರ್ಮಕ್ಕೆ ಒಳ್ಳೆಯದೇ, ಬೆಚ್ಚಗಿನ ಕೋಣೆಯಲ್ಲಿ ಧಾರಾಳವಾಗಿ ಮಾಡಿ. ಎಣ್ಣೆ ಇರಬೇಕಾದದ್ದು ಚರ್ಮದ ಮೇಲೆ ಮಾತ್ರ. ಮೂಗಿಗೆ ಎರಡು ತೊಟ್ಟು, ಕಿವಿಗೆ ಎರಡು ತೊಟ್ಟು, ಗಂಟಲ ಕಫ ಹೋಗಲೆಂದು ಬಾಯಿಗೊಂದಿಷ್ಟು ಹರಳೆಣ್ಣೆ ಬಿಡುವ ಪದ್ಧತಿಯನ್ನು ಮಾತ್ರ ಎಷ್ಟೇ ಮುನಿಸು ಬಂದರೂ ನಿಲ್ಲಿಸಲೇಬೇಕು. ನೀರು ಶ್ವಾಸನಾಳಕ್ಕೆ ಹೋದರೆ ಮಗು ಕೆಮ್ಮಿ ಹೊರಹಾಕುತ್ತದೆ. ಎಣ್ಣೆ ಹೋದರೆ ಕೆಮ್ಮೇ ಬರುವುದಿಲ್ಲ, ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿದುಬಿಡುತ್ತದೆ. ಆಮೇಲೆ ಬರುವ ಕಾಯಿಲೆಗೆ ಲಿಪಾಯ್ಡ್ ನ್ಯುಮೋನಿಯ ಎಂದು ಹೆಸರು. ವಾರಗಟ್ಟಲೆ ಕೆಮ್ಮು, ಏದುಸಿರು. ಮನೆಯವರು ಥಂಡಿಯೆಂದು ತಿಳಿದು ಇನ್ನೆರಡು ತೊಟ್ಟು ಬಿಡುತ್ತಾರೆ.

ಮೂಗು ನೆಟ್ಟಗಾಗಲೆಂದು ಒತ್ತುವುದರಿಂದ ಮೂಗು ನೆಟ್ಟಗಾಗುವುದಿಲ್ಲ. ಮೂಗಿಗೆ ಬಾಯಿಂದ ಊದಿದರೆ ದೊಡ್ಡವರ ಬಾಯಿಯ ರೋಗಾಣುಗಳು ಒಳಗೆ ಹೋಗುತ್ತವೆ. ಕೆಲವು ಮಕ್ಕಳಿಗೆ, ಗಂಡಾಗಲಿ ಹೆಣ್ಣಾಗಲಿ, ಎದೆ ಊದಿಕೊಂಡು ಒಂದೆರಡು ಹನಿ ಹಾಲು ಜಿನುಗುವುದುಂಟು. ತಾಯಿಯ ಹಾರ್ಮೋನಿನ ಪರಿಣಾಮ ಅದು, ತಾನಾಗಿಯೇ ಹೋಗುತ್ತದೆ. ನೀರು ಹಾಕುವಾಗ ಅದನ್ನು ಹಿಂಡಿ ತೆಗೆಯಲು ಹೋದರೆ ಕೀವುಗಟ್ಟಿ ಕೊಯ್ಯಬೇಕಾದ ಸ್ಥಿತಿ ಬರಬಹುದು. ನೆತ್ತಿಯ ಮೆತ್ತನೆಯ ಭಾಗ ಸಾಮಾನ್ಯವಾಗಿ ಒಂದು, ಒಂದೂವರೆ ವರ್ಷದಲ್ಲಿ ತಾನೇ ಮುಚ್ಚಿಕೊಳ್ಳುತ್ತದೆ; ಎಣ್ಣೆ ತಟ್ಟಿ ಅವಸರ ಮಾಡಬೇಕಾಗಿಲ್ಲ, ಎತ್ತರದಿಂದ ಧಾರೆಯಾಗಿ ನೀರನ್ನೂ ಸುರಿಯಬೇಕಾಗಿಲ್ಲ. ಕಡಲೆಹಿಟ್ಟು, ಸೀಗೆಪುಡಿ ಆರು ತಿಂಗಳಾದರೂ ಡಬ್ಬಿಯಲ್ಲೇ ಇರಲಿ.

ಸ್ನಾನವಾದ ಮೇಲಿನ ಸಾಂಬ್ರಾಣಿ ಹೊಗೆಯ ಪರಿಮಳ ನನಗೂ ಇಷ್ಟ. ಮಗುವಿನ ಶ್ವಾಸಕೋಶಕ್ಕೆ ಮಾತ್ರ ಅದು ಬರೀ ಹೊಗೆ. ಅದಕ್ಕಿಂತ ಕೆಟ್ಟದ್ದು, ಬಾಣಂತಿ ಕೋಣೆಯ ಕಿಟಕಿ ಬಾಗಿಲು ಮುಚ್ಚಿ ಇದ್ದಿಲ ಕೆಂಡ ಇಡುವುದು. ಪಟ್ಟಣದ ಮನೆಗಳಲ್ಲಿ ಆ ಜಾಗಕ್ಕೆ ಗ್ಯಾಸ್ ಗೀಸರ್ ಬಂದಿದೆ. ಗಾಳಿಯಾಡದ ಬಚ್ಚಲಲ್ಲಿ ಎರಡೂ ಕಾರ್ಬನ್ ಮೊನಾಕ್ಸೈಡ್ ಉಗುಳುತ್ತವೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಸುತ್ತಿತು ಎನ್ನುವಷ್ಟರಲ್ಲಿ ಕುಸಿದು ಬೀಳುತ್ತಾರೆ. ಗ್ಯಾಸ್ ಗೀಸರ್ ಇರುವ ಮನೆಯಲ್ಲಿ ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಒಳಗಿನ ಗಾಳಿ ಹೊರಗೆ ಹೋದ ಮೇಲೆ ಮಗುವನ್ನು ಒಳಗೆ ಕರೆತರಬೇಕು. ಸಾಧ್ಯವಾದರೆ ಗೀಸರನ್ನೇ ಬಚ್ಚಲಿನಿಂದ ಹೊರಗೆ ಹಾಕಿಸಿ.

ಇಷ್ಟಾದ ಮೇಲೆ ಉಳಿಯುವ ಸ್ನಾನ ಐದು ನಿಮಿಷದ್ದು. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಒಣ ಟವೆಲು, ಬಟ್ಟೆ, ಟೋಪಿ ಕೈಗೆ ಸಿಗುವಂತೆ ಇಟ್ಟುಕೊಂಡೇ ಶುರು ಮಾಡಬೇಕು. ಮೈಗೆ ಮೊದಲು, ತಲೆಗೆ ಕೊನೆಗೆ. ತಲೆ ಒದ್ದೆಯಾಗಿರುವ ಹೊತ್ತು ಆದಷ್ಟು ಕಡಿಮೆಯಾಗಲಿ. ಬೋರಲು ಮಲಗಿಸಿ ಬೆನ್ನಿಗೆ ನೀರು ಹಾಕುವಾಗ ಮುಖ ಒಂದು ಪಕ್ಕಕ್ಕಿದ್ದು ಮೂಗು ಬಾಯಿ ಕಾಣುತ್ತಿರಬೇಕು. ದಿನಾ ಬೇಕೆಂದೇನೂ ಇಲ್ಲ, ವಾರಕ್ಕೆ ಎರಡು ಮೂರು ಸಲ ಸಾಕು. ಬೇರೆ ದಿನ ಕತ್ತಿನ ಮಡಿಕೆ, ಕಂಕುಳು, ತೊಡೆಸಂದು ಒರೆಸಿದರಾಯಿತು.

ಇದನ್ನೆಲ್ಲ ಮಗಳು ಅಮ್ಮನಿಗೆ, ಸೊಸೆ ಅತ್ತೆಗೆ ಹೇಳುವುದು ಸುಲಭವಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮಗುವನ್ನು ನೋಡಲು ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕೆಂಬ ನಿಯಮವಿದೆ. ಅವರ ಚೀಲದಲ್ಲಿ ಥರ್ಮಾಮೀಟರೂ ತಕ್ಕಡಿಯೂ ಇರುತ್ತವೆ. ಅವರು ಬಂದಾಗ ಅಜ್ಜಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ಕಾಲೇಜಿಗೆ ಹೋಗುವ ಚಿಕ್ಕಪ್ಪನೋ ಚಿಕ್ಕಮ್ಮನೋ ಮನೆಯಲ್ಲಿದ್ದರೆ ನೀರು ಬೆರೆಸಿ ಮೊಣಕೈ ಅದ್ದುವ ಕೆಲಸ ಅವರಿಗಿರಲಿ. ಕಾಲು ನೀಡಿ ಕೂರುವ ಕೆಲಸ ಮಾತ್ರ ಅಜ್ಜಿಯದೇ.